ದೀಪವಿಲ್ಲದ ಫ್ಲೆಕ್ಸು

ಒಂದೇ ಸಾಲಿನಲ್ಲಿ ಉಗ್ರ ಎಂಬ ಮಾತು ಎರಡು ಸಲ ಬಂದುಬಿಟ್ಟಿದೆ ಎಂದು ಶಿವರಾಮುವಿಗೆ ಹೊಳೆದದ್ದು ಬೆಳಿಗ್ಗೆ ಮಳವಳ್ಳಿಯಲ್ಲಿ ಬಸ್ಸಿಳಿದು ತಲೆಯೆತ್ತಿ ನೋಡಿದಾಗ. ಅಷ್ಟರಲ್ಲಿ ಫ್ಲೆಕ್ಸು ಎರಡು ಕಂಬಗಳ ನಡುವೆ ಬಿಗಿಯಾಗಿ ನಿಂತಾಗಿತ್ತು. ಗಾಳಿ ಬಂದಾಗ ಹೊಟ್ಟೆ ಉಬ್ಬಿಸಿ, ಗಾಳಿ ಹೋದಾಗ ಒಳಗೆಳೆದುಕೊಂಡು, ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ‘ಅಮಾಯಕ ನಾಗರಿಕರು ಹಾಗೂ ಪರಿಹಾರ ಕಾರ್ಯಕರ್ತರ ಮೇಲೆ ಉಗ್ರರು ನಡೆಸಿದ ಹೇಯ ದಾಳಿಯನ್ನು ಉಗ್ರವಾಗಿ ಖಂಡಿಸುತ್ತೇವೆ.’ ಅವನೇ ಬರೆದ ಸಾಲು. ಕಾಗದದ ಮೇಲೆ ತಕರಾರಿಲ್ಲದೆ ಕೂತಿದ್ದ ಮಾತುಗಳು ಇಷ್ಟು ದೊಡ್ಡದಾದ ಕೂಡಲೇ ಒಂದರ ಮುಖ ಒಂದು ನೋಡತೊಡಗಿದ್ದವು. ಕೊಂದವರಿಗೂ ಉಗ್ರ, ಖಂಡಿಸುವವರಿಗೂ ಉಗ್ರ. ತೀವ್ರವಾಗಿ ಎನ್ನಬಹುದಿತ್ತು. ಕಟುವಾಗಿ ಎನ್ನಬಹುದಿತ್ತು. ಯಾಕೆ ತೋಚಲಿಲ್ಲ? ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು, ಕಾಲೇಜಿಗೆ ಹೋಗುವ ಹುಡುಗಿಯರು, ಕಬ್ಬಿನ ಜಲ್ಲೆ ಹೊತ್ತ ಮುದುಕ, ಯಾರೂ ಆ ಸಾಲನ್ನು ಓದುತ್ತಿರಲಿಲ್ಲ. ಆದರೂ ಅವನಿಗೆ ಎಲ್ಲರೂ ಓದಿ ಮುಗಿಸಿ ಸುಮ್ಮನಿದ್ದಾರೆ ಎನ್ನಿಸಿತು. ಸಾಲಿನ ಎಡಕ್ಕೆ ಪಟದಲ್ಲಿ ಪುಷ್ಪಾ ನಗುತ್ತಿದ್ದಳು. ಅವಳ ಸಂಸ್ಥೆಯ ಬಿಳಿಯ ಅಂಗಿ, ಎದೆಯ ಮೇಲೆ ಗುರುತು, ಹಿಂದಕ್ಕೆ ಬಿಗಿದು ಕಟ್ಟಿದ ಕೂದಲು. ಕಿರುಗಾವಲಿನ ಪಕ್ಕದ ಅವನದೇ ಹಳ್ಳಿಯ, ಅವನದೇ ಬೀದಿಯ ಹುಡುಗಿ. ನರ್ಸ್ ಆಗಿ ಮೈಸೂರಿನಲ್ಲಿದ್ದವಳು ಒಂದು ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆ ಸೇರಿ, ಊರಿನವರು ಮೂರು ಬಗೆಯಲ್ಲಿ ಹೆಸರು ಹೇಳುವ ಆ ದೇಶಕ್ಕೆ ಹೋಗಿದ್ದಳು. ಕಳೆದ ಶುಕ್ರವಾರ, ತಾಯಂದಿರು ಕೂಸುಗಳಿಗೆ ಸೂಜಿ ಹಾಕಿಸಲು ಸಾಲಾಗಿ ಕೂತಿದ್ದ ಹೊತ್ತಿನಲ್ಲಿ, ಬಂದೂಕು ಹಿಡಿದವರು ಆ ಆಸ್ಪತ್ರೆಗೆ ನುಗ್ಗಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೊಡೆದಿದ್ದರು.

ಮದ್ದೂರಿನಲ್ಲಿ ಫ್ಲೆಕ್ಸು ಮಾಡುವ ಕರಿಯಪ್ಪ ನಿನ್ನೆ ಕಂಪ್ಯೂಟರಿನ ಮುಂದೆ ಕೂತು ಮೊದಲು ಕೇಳಿದ್ದೇ ದೀಪದ ಬಗ್ಗೆ. ‘ದೀಪ ಎರಡೂ ಕಡೆ ಆಕ್ಲಾ ಸಾ, ಒಂದೇ ಕಡೆನಾ?’ ಸತ್ತವರ ಫ್ಲೆಕ್ಸಿಗೆ ಅವನ ಬಳಿ ಎಲ್ಲ ಸಿದ್ಧವಿತ್ತು. ಪಟದ ಎರಡೂ ಬದಿಗೆ ಉರಿಯುವ ದೀಪ, ಕೆಳಗೆ ನೀರು ತುಂಬಿದ ಎರಡು ಕಣ್ಣು, ಮೇಲೆ ಮತ್ತೆ ಹುಟ್ಟಿ ಬಾ ಎಂಬ ಅಕ್ಷರ. ಹುಟ್ಟುಹಬ್ಬದ್ದಾದರೆ ದೀಪ ತೆಗೆದು ಕೇಕು. ಪಂಚಾಯ್ತಿ ಗೆದ್ದವನದ್ದಾದರೆ ಕೇಕು ತೆಗೆದು ಸಿಂಹ. ‘ದೀಪ ಬೇಡ’ ಎಂದಿದ್ದ ಶಿವರಾಮು. ‘ಕಣ್ಣು?’ ‘ಅದೂ ಬೇಡ. ಇದು ಶ್ರದ್ಧಾಂಜಲಿ ಅಲ್ಲ ಕರಿಯಪ್ಪ, ಖಂಡನೆ.’ ಕರಿಯಪ್ಪ ತಿರುಗಿ ಒಂದು ಕ್ಷಣ ನೋಡಿ, ‘ಬೋಳ್ ಬೋಳಾಗ್ ಕಾಣ್ತದಲ್ಲಾ ಸಾ’ ಅಂದಿದ್ದ. ಕಾಣಲಿ ಎಂದುಕೊಂಡಿದ್ದ ಶಿವರಾಮು. ಒಳಗೆ ಸಣ್ಣ ಹೆಮ್ಮೆ ಎದ್ದಿತ್ತು, ತನಗೆ ಅಭಿರುಚಿಯಿದೆ, ಆ ಹುಡುಗಿಯ ಸಾವನ್ನು ಈ ಕಣ್ಣೀರಿನ ಚಿತ್ರದಿಂದ ನಾನು ಕಾಪಾಡಿದೆ ಎಂದು. ಆಮೇಲೆ ಅಚ್ಚಾಗುವವರೆಗೂ ಹೊರಗೆ ಅಡ್ಡಾಡುತ್ತ ಉಗ್ರನರಸಿಂಹಸ್ವಾಮಿ ದೇವಸ್ಥಾನದ ಮುಂದೆ ಬಂದು ನಿಂತಿದ್ದ. ಚಿಕ್ಕವನಿದ್ದಾಗ ಅವ್ವ ಅವನನ್ನು ಕಂಕುಳಲ್ಲಿ ಎತ್ತಿ ಆ ದೊಡ್ಡ ಮೂರ್ತಿಯ ಕಡೆ ತಿರುಗಿಸಿದಾಗ ಹೆದರಿ ಸೆರಗಿನೊಳಗೆ ಮುಖ ಹುದುಗಿಸಿದ್ದ. ಉಗ್ರ ಅಂದ್ರೇನವ್ವಾ? ‘ಕ್ವಾಪ ಕಣ ಮಗ. ಆ ಮಗೀಗೆ ಒಡಿಯಕ್ ಬಂದ್ರಲ್ಲ, ಅದ್ಕೆ ಸಾಮಿಗೆ ಕ್ವಾಪ ಬಂದ್ಬುಡ್ತು.’ ಒಂದು ಮಗುವನ್ನು ಹೊಡೆಯಲು ಬಂದದ್ದಕ್ಕೆ ದೇವರಿಗೆ ಬಂದ ಕೋಪದ ಹೆಸರು ಅದು. ಮಕ್ಕಳ ಸಾಲಿನ ಮೇಲೆ ಗುಂಡು ಹಾರಿಸಿದವರಿಗೆ ಅದೇ ಹೆಸರನ್ನು ಯಾರು ಕೊಟ್ಟರು? ಪತ್ರಿಕೆಗಳು ಕೊಟ್ಟವು, ಅವನೂ ಕೊಟ್ಟ. ಅವರು ಒಂದು ಹೇಳಿಕೆಯನ್ನೂ ಬಿಟ್ಟಿದ್ದರಂತೆ, ತಮ್ಮ ಕೋಪಕ್ಕೆ ಕಾರಣವಿದೆ ಎಂದು. ಯಾವ ಕಾರಣ? ನಾಲ್ಕು ತಿಂಗಳ ಕೂಸಿನ ತೊಡೆಯಲ್ಲಿ ಯಾವ ಕಾರಣ ಇತ್ತು?

ಅವನು ಗುಮಾಸ್ತನಾಗಿದ್ದ ಹೈಸ್ಕೂಲಿನ ಆಫೀಸಿನಲ್ಲಿ ಬೆಳಗಿನ ಪ್ರಾರ್ಥನೆಯ ಸದ್ದು ಕಿಟಕಿಯಿಂದ ಬಂದು ನಿಂತಿತು. ಕನ್ನಡ ಮೇಡಂ ವನಜಾ ಹಾಜರಿಗೆ ಸಹಿ ಮಾಡಲು ಬಂದವರು ಪೆನ್ನಿನ ಕ್ಯಾಪು ಹಾಕುತ್ತ, ‘ಶಿವರಾಮು, ಸ್ಟ್ಯಾಂಡಿನಲ್ಲಿ ನೋಡ್ದೆ, ಚೆನ್ನಾಗಿದೆ’ ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. ‘ಆದ್ರೆ ಉಗ್ರ ಎರಡು ಸಲ ಬಂದಿದೆ ನೋಡಿ. ಸಂಜೆ ಕಾಲೇಜಲ್ಲಿ ಪುನರುಕ್ತಿ ಪಾಠ ಮಾಡೋ ಹೊತ್ಗೆ ಎಲ್ರೂ ನಿದ್ದೆ ಹೋಗ್ತಿದ್ರಾ ಹೇಗೆ?’ ಅವರು ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ. ಅವನೂ ನಕ್ಕ. ನಗುವಾಗ ಕಿವಿ ಬಿಸಿಯಾಯಿತು. ಮಂಡ್ಯದಲ್ಲಿ ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಗೆ ಹೋಗಿ ಕೂತರೆ ನಿಜಕ್ಕೂ ನಿದ್ದೆ ಬರುತ್ತಿತ್ತು. ಉರಿಯಲೋ ಬೇಡವೋ ಎನ್ನುವ ಟ್ಯೂಬ್‌ಲೈಟು, ರಸ್ತೆಯಲ್ಲಿ ಹೋಗುವ ಕಬ್ಬಿನ ಲಾರಿಗಳ ಸಿಹಿ ಹುಳಿ ವಾಸನೆ. ಅರ್ಧ ನಿದ್ದೆಯಲ್ಲಿ ಕೇಳಿದ ಪಾಠಗಳಿಂದ ಅವನು ಪದವಿ ಪಡೆದ. ಅದಕ್ಕೇ ಇರಬೇಕು, ತನಗೆ ಗೊತ್ತಿರುವುದೆಲ್ಲ ಅರ್ಧವೇ, ಉಳಿದರ್ಧದಲ್ಲೇ ಮುಖ್ಯವಾದದ್ದು ಹೋಗಿಬಿಟ್ಟಿದೆ ಎಂಬ ಅಂಜಿಕೆ. ಊರಿನವರಿಗೆ ಮಾತ್ರ ಅವನು ಬರೆದರೆ ತಪ್ಪಿರುವುದಿಲ್ಲ. ಮದುವೆ ಕರೆಯೋಲೆ, ಮನವಿ, ತಿಥಿ ಕಾರ್ಡು ಎಲ್ಲಕ್ಕೂ ಶಿವರಾಮಣ್ಣ. ಪುಷ್ಪಾ ರಜೆಗೆ ಬಂದಿದ್ದಾಗ ಅವನ ಹೆಬ್ಬೆರಳಿಗೆ ಮೊಳೆ ಚುಚ್ಚಿದ್ದಕ್ಕೆ ಟಿಟಿ ಸೂಜಿ ಹಾಕುತ್ತ, ‘ನೋಡಣ್ಣ, ಇಷ್ಟ್ ದೊಡ್ಡವ್ರು ನೀವು ಮುಖ ಹಿಂಡ್ತೀರಿ. ಅಲ್ಲಿ ಮಕ್ಳು ಸೂಜಿಗೆ ಅಳಲ್ಲ ಕಣಣ್ಣ. ಸದ್ದಿಗೆ ಅಳ್ತವೆ. ಬಾಗ್ಲು ಧಡ್ ಅಂದ್ರೆ ಸಾಕು’ ಅಂದಿದ್ದಳು. ಭಯ ಆಗಲ್ವೇನವ್ವ ಎಂದು ಕೇಳಿದ್ದ. ‘ಚಾವಣಿ ಮೇಲೆ, ಗೋಡೆ ಮೇಲೆ, ಗಾಡಿ ಮೇಲೆ ಎಲ್ಲಾ ಕಡೆ ದೊಡ್ಡದಾಗಿ ಗುರುತು ಬರ್ದಿರ್ತೀವಿ. ಓದಕ್ ಬರ್ದಿದ್ದವನ್ಗೂ ಗೊತ್ತಾಗ್ಬೇಕು, ಇಲ್ಲಿರೋರು ಔಷ್ದಿಯೋರು ಅಂತ. ಅದನ್ ನೋಡಿದ್ಮೇಲೆ ಯಾರ್ ಹೊಡೀತಾರಣ್ಣ?’ ಹತ್ತಿಯ ಉಂಡೆಯನ್ನು ಒತ್ತಿ ಹಿಡಿದುಕೊಳ್ಳಲು ಹೇಳಿದ್ದಳು. ಅವರು ನೋಡಿಯೇ ಹೊಡೆದಿದ್ದರು. ಗುರುತು ಇದ್ದ ಕಟ್ಟಡವನ್ನೇ ಹುಡುಕಿಕೊಂಡು ಬಂದಿದ್ದರು ಎಂದು ಟಿವಿಯಲ್ಲಿ ಹೇಳುತ್ತಿದ್ದರು.

ಮಧ್ಯಾಹ್ನ ಹೇಮಂತ ಫೋನು ಮಾಡಿದ. ಸಂಜೆ ಸರ್ಕಲ್ಲಿನಲ್ಲಿ ಖಂಡನಾ ಸಭೆ ಏರ್ಪಡಿಸಿದ್ದ ಯುವಕರ ಸಂಘಕ್ಕೆ ಅವನೇ ಮುಂದಾಳು. ‘ಸಾ, ನಾಕ್ ಗಂಟ್ಗೆ ಸರಿಯಾಗ್ ಬನ್ನಿ. ಮೈಕಲ್ಲಿ ಮೊದ್ಲು ನೀವೇ ಓದೋದು. ಇನ್ನೊಂದ್ ವಿಸ್ಯ ಸಾ, ಬರೀ ಉಗ್ರರು ಅಂದ್ರೆ ಸಾಕಾ? ಯಾವ್ ಜನ ಅಂತ ಸೇರುಸ್ಬೇಡ್ವಾ? ಉಡುಗ್ರು ಕೇಳ್ತಾವ್ರೆ.’ ‘ದಾಳಿ ನಡೆಸಿದವರು ಅಂತಿದೆಯಲ್ಲ ಹೇಮಂತ, ಸಾಕು. ಅಲ್ಲಿ ಸತ್ತ ತಾಯಂದಿರು, ಮಕ್ಕಳು ಯಾವ ಜನ? ಅವರೂ ಅಲ್ಲಿಯವರೇ’ ಎಂದ ಶಿವರಾಮು. ಹೇಳಿದ ಕೂಡಲೇ ತನ್ನ ದನಿ ನಡುಗಿತೇ ಎಂದು ಅನುಮಾನವಾಯಿತು. ಹೇಮಂತ, ‘ಆಯ್ತು ಬುಡಿ ಸಾ. ಅಂದಂಗೆ ಒಂದ್ ಪ್ಲೆಕ್ಸ್ ಮಿಕ್ಕಿತ್ತು, ಬೆಳಿಗ್ಗೆ ಕಿರುಗಾವಲ್ ಸ್ಟಾಪಲ್ಲೂ ಕಟ್ಟುಸ್ಬುಟ್ಟೆ. ನಮ್ಮೂರ್ ಉಡ್ಗಿ, ನಮ್ ಕಡೆ ಇಲ್ದಿದ್ರೆ ಎಂಗೆ?’ ಎಂದ. ಶಿವರಾಮು ಕುರ್ಚಿಯಿಂದ ಎದ್ದ. ‘ಅಲ್ಲಿ ಬೇಡ ಅಂದಿದ್ನಲ್ಲೋ. ಚಿಕ್ಕನಂಜಮ್ಮ ಮಾತ್ರೆಗೆ ಅಲ್ಲಿಗೆ ಬರ್ತಾರೆ.’ ‘ಅವಮ್ಮಂಗೆ ಓದಕ್ ಬರಲ್ವಲ್ಲ ಸಾ, ಬುಡಿ’ ಎಂದು ಹೇಮಂತ ಫೋನಿಟ್ಟ.

ಚಿಕ್ಕನಂಜಮ್ಮನಿಗೆ, ಪುಷ್ಪಾಳ ತಾಯಿಗೆ, ಇನ್ನೂ ಹೇಳಿರಲಿಲ್ಲ. ಅವಳ ಭಾವ ಹುಚ್ಚೀರಯ್ಯ ಶುಕ್ರವಾರವೇ ಬೀದಿಯವರನ್ನೆಲ್ಲ ಸೇರಿಸಿ ಹೇಳಿದ್ದ: ಅವಳಿಗೆ ಸಕ್ಕರೆ ಕಾಯಿಲೆ, ಎದೆಗೆ ಬೇರೆ ಸ್ಟೆಂಟು ಹಾಕಿದೆ, ಹೆಣ ಬರಲಿ, ಬಂದ ಮೇಲೆ ಹೇಳಿದರಾಯಿತು, ಅಲ್ಲಿವರೆಗೆ ಯಾರೂ ಬಾಯಿ ಬಿಡಬಾರದು. ಅವಳ ಫೋನು ರಿಪೇರಿಗೆ ಹೋಯಿತು. ಕೇಬಲ್ಲಿನವನು ತಂತಿ ಕಳಚಿ ಹೋದ. ಮಗ ಪ್ರೀತಂ ಪರೀಕ್ಷೆ ಎಂದು ಹೇಳಿ ಅಕ್ಕನ ಹೆಣ ತರಲು ದೆಹಲಿಗೆ ಹೋದ. ಬೀದಿಯ ಹೆಂಗಸರು ಅವಳ ಮನೆಯ ಮುಂದೆ ಬರುವಾಗ ಸೆರಗು ಸರಿಮಾಡಿಕೊಂಡು ಬಿರಬಿರನೆ ದಾಟುತ್ತಿದ್ದರು. ಶಿವರಾಮು ನಾಲ್ಕು ದಿನಗಳಿಂದ ಹಿತ್ತಲ ಕಡೆಯಿಂದ ಬಸ್ಸಿಗೆ ಹೋಗುತ್ತಿದ್ದ. ಇಷ್ಟು ಜನ ಸೇರಿ ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಊರಿನಲ್ಲಿ ಬೇರೆ ಇರಲಿಲ್ಲ. ಓದಲು ಬರುವುದಿಲ್ಲ ಎಂಬುದು ನಿಜ. ಆದರೆ ಮುಖ? ಮಗಳ ಮುಖ ಅಷ್ಟೆತ್ತರ ನಿಂತರೆ ತಾಯಿ ನೋಡದೆ ಹೋಗುತ್ತಾಳೆಯೆ? ನೋಡಿದರೆ ತಿಳಿದೇ ತಿಳಿಯುತ್ತದೆ, ಯಾರಿಗಾದರೂ ತಿಳಿಯುತ್ತದೆ, ದೀಪ ನೋಡಿದರೆ... ಅಲ್ಲಿಗೆ ಬಂದು ಅವನ ಯೋಚನೆ ನಿಂತುಬಿಟ್ಟಿತು. ನೀರಿನ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲ ಬಳಿ ಜವಾನ ಯಾರೊಂದಿಗೋ ಮಾತಾಡುವುದು, ಚಪ್ಪಲಿ ಬಿಡುವ ಸದ್ದು, ಪರಿಚಯದ ಕೆಮ್ಮು ಕೇಳಿಸಿತು.

‘ಏನಪ್ಪಾ ಸಿವರಾಮ, ನನ್ ಮಗಳ್ನ ತಗಂಡೋಗಿ ಕಂಬುಕ್ಕೆ ಕಟ್ಬುಟ್ಟಿದೀಯಲ್ಲ!’

ಚಿಕ್ಕನಂಜಮ್ಮ ನಗುತ್ತ ನಿಂತಿದ್ದಳು. ಹಬ್ಬಕ್ಕೆ ಉಡುವ ಹಸಿರು ಸೀರೆಯಲ್ಲ, ದಿನದ ಸೀರೆಯೇ, ಆದರೆ ತಲೆ ಬಾಚಿ ಕನಕಾಂಬರ ಮುಡಿದಿದ್ದಳು. ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಬೇಕರಿಯ ಡಬ್ಬಿ. ಅವನು ಕುರ್ಚಿ ಎಳೆದು ಹಾಕಿದ, ಕೂರಲಿಲ್ಲ. ‘ಮಾತ್ರೆ ತತ್ತೀನಿ ಅಂತ ಕಿರುಗಾವಲ್ಗೆ ಬಂದ್ನಾ, ಬಸ್ಸಿಳಿದ್ರೆ ಎದ್ರುಗೇ ನಿಂತವ್ಳೆ ಕಣಪ್ಪ! ಮೊನ್ನೆ ಪಂಚಾಯ್ತಿ ಗೆದ್ದವ್ನ್ದು ಕಟ್ಟಿದ್ರಲ್ಲ, ಅದುನ್ನ ಪಕ್ಕುಕ್ ತಳ್ಳಿ ಇವಳ್ದು ಕಟ್ಟವ್ರೆ. ಅವನ್ಗಿಂತ ನನ್ ಮಗಳೇ ದೊಡ್ಡೋಳು. ಏನ್ಲಾ ಬರ್ದೈತೆ ಅಂತ ಅಲ್ಲಿದ್ದ ಉಡುಗ್ರುನ್ನ ಕೇಳ್ದೆ. ಒಬ್ನೂ ಯೋಳ್ನಿಲ್ಲ. ಸಿವರಾಮಣ್ಣ ಬರ್ದಿರದು, ಅವ್ರುನ್ನೇ ಕೇಳವ್ವಾ ಅಂತ ಓಡೋದ್ರು, ಮೂದೇವಿಗೊ. ಅದ್ಕೆ ಬಸ್ಸತ್ಕಂಡ್ ನಿನ್ ತಾವ್ಕೆ ಬಂದೆ.’ ಅವಳು ಡಬ್ಬಿಯ ಮುಚ್ಚಳ ತೆಗೆದಳು. ಬೂಂದಿ ಲಾಡು. ಅರ್ಧ ಖಾಲಿಯಾಗಿತ್ತು. ‘ಸ್ಟಾಪಲ್ ಇದ್ದವ್ರಿಗೆಲ್ಲ ಕೊಟ್ಟೆ. ಬೇಕರಿಯವ್ನು ಕಾಸೂ ಈಸ್ಕನಿಲ್ಲ ಕಣ, ತಲೆ ಬಗ್ಗುಸ್ಕಂಡು ತಗಂಡೋಗವ್ವ ಅಂದ. ಎಷ್ಟ್ ಮರ್ಯಾದೆ ನೋಡು. ನಾನೂ ಒಸಿ ತಿಂದೆ, ಸಕ್ರೆ ಏರಿದ್ರೆ ಏರ್ಲಿ ಅಂತ. ಇಡ್ಕೊ.’

ಅವನು ಹಿಡಿದುಕೊಂಡ. ಅವಳು ನೋಡುತ್ತಿದ್ದಳು. ಬಾಯಿಗೆ ಹಾಕಿಕೊಂಡ. ತುಪ್ಪದ ವಾಸನೆ, ಲವಂಗದ ಒಂದು ಚೂರು. ಅಗಿಯುವುದು ಬೇಡವೆಂದು ಹಾಗೇ ನುಂಗಿದ್ದಕ್ಕೆ ಗಂಟಲಲ್ಲಿ ನಿಂತಿತು, ನೀರು ಕುಡಿದ. ಬೂಂದಿಯ ಒಂದು ಕಾಳು ದವಡೆಯ ಹಲ್ಲಿನ ಸಂದಿಗೆ ಹೋಗಿ ಕೂತಿತು. ‘ಈಗ ಯೋಳು, ಏನ್ ಬರ್ದಿದೀಯ?’ ಮೇಜಿನ ಮೇಲೆ ಸಂಜೆ ಓದಬೇಕಾಗಿದ್ದ ಕಾಗದ ಬಿದ್ದಿತ್ತು. ಫ್ಲೆಕ್ಸಿನ ಸಾಲು ಅದರ ಕೊನೆಗಿತ್ತು, ಮೊದಲ ಸಾಲು ಅವಳ ಮಗಳದ್ದು: ದೂರದ ದೇಶದಲ್ಲಿ ಮಕ್ಕಳ ಜೀವ ಉಳಿಸುತ್ತಿದ್ದ ನಮ್ಮೂರ ಹೆಮ್ಮೆಯ ಮಗಳು ಪುಷ್ಪಾ. ಅವನು ಕಾಗದ ಎತ್ತಿಕೊಂಡು ಓದಿದ. ‘ದೂರದ ದೇಶದಲ್ಲಿ ಮಕ್ಕಳ ಜೀವ ಉಳಿಸುತ್ತಿರುವ ನಮ್ಮೂರ ಹೆಮ್ಮೆಯ ಮಗಳು ಪುಷ್ಪಾ.’ ಉಸಿರು ನಿಂತಲ್ಲಿ ನಿಲ್ಲಿಸಿದ. ಇದ್ದ ಎಂಬುದನ್ನು ಇರುವ ಎಂದು ಮಾಡಿದ್ದ, ಬೇರೇನೂ ಬದಲಿಸಿರಲಿಲ್ಲ. ಸುಳ್ಳು ಎಷ್ಟು ಚಿಕ್ಕದು ಎಂದು ಆ ಕ್ಷಣದಲ್ಲೂ ಅವನೊಳಗಿನ ಗುಮಾಸ್ತ ಲೆಕ್ಕ ಹಾಕಿದ: ಒಂದು ಕಾಲ, ಅಷ್ಟೇ. ‘ಅಷ್ಟುದ್ದ ಐತೆ, ಇಷ್ಟೇಯಾ?’ ಎಂದಳು ಚಿಕ್ಕನಂಜಮ್ಮ. ‘ಇಷ್ಟೇ ಚಿಕ್ಕವ್ವ. ಅಕ್ಷರ ದಪ್ಪ.’ ಅವಳು ಕಣ್ಣೊರೆಸಿಕೊಂಡಳು. ‘ಇನ್ನೊಂದ್ ಸಲ ಓದು.’ ಅವನು ಇನ್ನೊಂದು ಸಲ ಓದಿದ. ಎರಡನೆಯ ಸಲ ಸುಲಭವಾಗಿ ಬಂತು; ಅದೇ ಅವನನ್ನು ಹೆದರಿಸಿತು.

ಸಭೆಯ ವಿಷಯ ಬಸ್ಸಿನಲ್ಲೇ ಅವಳ ಕಿವಿಗೆ ಬಿದ್ದಿತ್ತು. ‘ಸರ್ಕಲ್ಲಲ್ಲಿ ಪುಷ್ಪುಂದೇ ಸಬೆ ಐತಂತಲ್ಲ? ನಾನೂ ಬತ್ತೀನಿ ನಡಿ.’ ಬಿಸಿಲು ಎಂದ, ಕೊನೆಯ ಬಸ್ಸು ತಪ್ಪುತ್ತದೆ ಎಂದ, ಗಂಡಸರೇ ತುಂಬಿರುತ್ತಾರೆ ಎಂದ. ‘ಎತ್ತವ್ಳು ನಾನು, ನಂಗೇನ್ ನಾಚ್ಕೆ?’ ಅವಳು ಜವಾನನಿಗೆ ಲಾಡು ಕೊಡಲು ಹೊರಗೆ ಹೋದಾಗ ಅವನು ಹುಚ್ಚೀರಯ್ಯನಿಗೆ ಫೋನು ಹಚ್ಚಿದ. ಆ ಕಡೆಯಿಂದ ಮೊದಲು ಉಸಿರು ಬಂತು, ಆಮೇಲೆ ಮಾತು. ‘ಬಸ್ಸತ್ಸು ಅವಳ್ನ. ಸಬೆ ಇಲ್ಲ ಅನ್ನು. ಮೈಕ್ ಕೆಟ್ಟೋಗದೆ ಅನ್ನು.’ ‘ನಂಬಲ್ಲ ದೊಡ್ಡಪ್ಪ. ಅಲ್ಲಿ ಪಟಕ್ಕೆ ಹಾರ ಹಾಕಿರ್ತಾರೆ, ದೀಪ ಹಚ್ಚಿರ್ತಾರೆ. ಎಲ್ಲರ ಮುಂದೆ ನೋಡ್ತಾರೆ. ನಾನೇ ಹೇಳಿಬಿಡ್ಲಾ?’ ‘ಏ, ನೀನ್ ಓದ್ದವ್ನು ಕಣ್ಲಾ, ಅಷ್ಟೂ ತಿಳಿಯಲ್ವಾ ನಿಂಗೆ? ಏನಾರ ಎಚ್ಚುಕಮ್ಮಿ ಆದ್ರೆ ನೀನೇ ಒಣೆ.’ ಫೋನು ಕಟ್ಟಾಯಿತು. ಕಿಟಕಿಯ ಹೊರಗೆ ಅವಳು ಜವಾನನ ಕೈಗೆ ಲಾಡು ಇಟ್ಟು ಮುಚ್ಚಿಸುತ್ತಿದ್ದಳು. ಜವಾನ ಅವಳ ಕಾಲಿನ ಕಡೆ ನೋಡುತ್ತ ತಿನ್ನುತ್ತಿದ್ದ.

ಸ್ಕೂಲಿನಿಂದ ಸರ್ಕಲ್ಲಿಗೆ ದೂರವಿಲ್ಲ. ಆಟೋ ಬೇಡ, ನಡೆದೇ ಹೋಗೋಣ ಎಂದಳು. ಮೊಣಕಾಲು ನೋವಿನ ಹೆಂಗಸು ಅಂದು ಅವನಿಗಿಂತ ಮುಂದೆ ನಡೆಯುತ್ತಿದ್ದಳು. ಅವನು ಹಿಂದೆ, ಅಂಗಡಿಗಳ ನೆರಳಿನಲ್ಲಿ. ನಾಲಿಗೆ ಮತ್ತೆ ಮತ್ತೆ ದವಡೆಯ ಕಾಳಿನ ಕಡೆಗೇ ಹೋಗುತ್ತಿತ್ತು. ನಾಲ್ಕು ದಿನದಿಂದ ಅವನು ಈ ಸಾವಿಗೆ ಪದ ಹುಡುಕಿದ್ದ. ಹತರಾದ, ಬಲಿಯಾದ, ಅಸುನೀಗಿದ, ಪ್ರಾಣ ತೆತ್ತ. ಎಲ್ಲ ಪದಗಳಲ್ಲೂ ಸತ್ತವರೇ ಏನೋ ಮಾಡಿಕೊಂಡಂತೆ, ಸಾವು ತಾನಾಗಿ ನಡೆದು ಬಂದಂತೆ. ಬಲಿಯಾದಳು ಎಂದರೆ ಯಾವ ದೇವರಿಗೆ? ಪ್ರಾಣ ತೆತ್ತಳು ಎಂದರೆ ಯಾವ ಬಾಕಿಗೆ? ಅವಳು ಅವತ್ತು ಮಧ್ಯಾಹ್ನ ಊಟ ಮಾಡಬೇಕೆಂದಿದ್ದಳು, ಸಂಜೆ ಅವ್ವನಿಗೆ ಫೋನು ಮಾಡಬೇಕೆಂದಿದ್ದಳು. ಮುಂದೆ ಚಿಕ್ಕನಂಜಮ್ಮ ತಿರುಗಿ ನಿಂತು ಅವನು ಬರಲೆಂದು ಕಾದಳು. ‘ನೋಡಪ್ಪ, ಈ ಸಲ ಬಂದ್ರೆ ಕಾಲ್ ಮುರ್ದು ಕೂರುಸ್ತೀನಿ, ಓಗಕ್ ಬುಡಲ್ಲ ಅಂತಿದ್ದೆ. ಈಗನ್ಸುತ್ತೆ, ಓಗ್ಲಿ ಬುಡು ಅಂತ. ಇಷ್ಟ್ ಜನ ಇಷ್ಟ್ ಗೌರ್ವ ಮಾಡ್ತಾರೆ ಅಂದ್ಮೇಲೆ ಒಳ್ಳೆ ಕೆಲ್ಸಾನೇ ಇರ್ಬೇಕಲ್ವಾ?’ ‘ಒಳ್ಳೆ ಕೆಲಸ ಚಿಕ್ಕವ್ವ’ ಎಂದ. ಅದೊಂದು ಮಾತು ಆ ದಿನ ಅವನ ಬಾಯಿಂದ ನಡುಗದೆ ಬಂತು.

ತಿರುವಿನಾಚೆ ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಇನ್ನೊಂದು ಅಂಗಡಿ ದಾಟಿದರೆ ಶಾಮಿಯಾನ, ಹಾರ ಹಾಕಿದ ಪಟ, ಎಣ್ಣೆ ತುಂಬಿದ ದೀಪದ ಕಂಬ. ಬಾಗಿಲು ಹಾಕಿದ ಟೈಲರ್ ಅಂಗಡಿಯ ಮೆಟ್ಟಿಲಿನ ಬಳಿ ಶಿವರಾಮು ನಿಂತ. ‘ಚಿಕ್ಕವ್ವ, ಇಲ್ಲಿ ಒಂದು ಗಳಿಗೆ ಕೂತ್ಕೊಳ್ಳಿ.’ ‘ಯಾಕೆ, ಸುಸ್ತಾಯ್ತಾ ನಿಂಗೆ?’ ನಗುತ್ತಲೇ ಕೂತಳು, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು. ಅವನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ‘ನಾನು ಓದಿದ್ದು ಸುಳ್ಳು. ಉಳಿಸುತ್ತಿರೋ ಅಂತ ಓದ್ದೆ. ಅದ್ರಲ್ಲಿ ಉಳಿಸುತ್ತಿದ್ದ ಅಂತ ಇದೆ.’ ಅವಳಿಗೆ ಅರ್ಥವಾಗಲಿಲ್ಲ. ‘ಏನ್ಲಾ ಅಂಗಂದ್ರೆ?’ ಇನ್ನೂ ವ್ಯಾಕರಣದ ಹಿಂದೆ ಅಡಗಿ ಕೂತಿದ್ದೇನೆ ಎಂದು ನಾಚಿಕೆಯಾಯಿತು ಅವನಿಗೆ. ಎದುರು ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಅದು ಹೋಗಲೆಂದು ಕಾದ.

‘ಪುಷ್ಪಾನ ಕೊಂದ್ರು ಚಿಕ್ಕವ್ವ.’

ಚಿಕ್ಕನಂಜಮ್ಮ ಅವನ ಬಾಯನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗು ಹಾಗೇ ಇತ್ತು, ಯಾರೂ ತೆಗೆದುಹಾಕದೆ ಬಿಟ್ಟ ತೋರಣದ ಹಾಗೆ. ‘ಯಾವಾಗ?’ ‘ಶುಕ್ರವಾರ.’ ‘ಇವತ್ತೇನು?’ ‘ಮಂಗಳವಾರ.’ ‘ನಿಂಗ್ಯಾವಾಗ ಗೊತ್ತಾಯ್ತು?’ ‘ಶುಕ್ರವಾರ.’ ‘ಬಾವುಂಗೆ?’ ಅವನು ಹೌದೆಂದು ತಲೆಯಾಡಿಸಿದ. ‘ಪ್ರೀತಂಗೆ?’ ‘ಕರ್ಕೊಂಡ್ ಬರಕ್ಕೇ ಹೋಗವ್ನೆ.’ ಅವಳು ಒಬ್ಬೊಬ್ಬರನ್ನೇ ಹೆಸರಿಸಿ ಕೇಳುತ್ತ ಹೋದಳು, ಪಕ್ಕದ ಮನೆಯ ದೇವಿರಮ್ಮನಿಗೆ, ಹಾಲಿನ ಡೇರಿಯವನಿಗೆ, ಕೇಬಲ್ಲಿನವನಿಗೆ, ಬೀದಿಯ ಬಾಗಿಲುಗಳನ್ನು ಸಾಲಾಗಿ ತಟ್ಟಿದಂತೆ. ಪ್ರತಿ ಬಾಗಿಲಿಗೂ ಅವನು ತಲೆಯಾಡಿಸಿದ. ಆಮೇಲೆ ಅವಳ ಕಣ್ಣು ಮಡಿಲಿನ ಡಬ್ಬಿಯ ಮೇಲೆ ಬಿತ್ತು. ಬೆರಳಿನಿಂದ ಅದರ ಮುಚ್ಚಳವನ್ನು ಮುಟ್ಟಿದಳು.

‘ಅಂಗಾರೆ ಸ್ಟಾಪಲ್ ಇದ್ದವ್ರೆಲ್ಲ ಗೊತ್ತಿದ್ದೇ ತಿಂದ್ರಾ?’

ಅವನು ತಲೆ ತಗ್ಗಿಸಿದ.

‘ನೀನೂ ತಿಂದೆ.’

‘ತಿಂದೆ ಚಿಕ್ಕವ್ವ.’

‘ನಾನೂ ತಿಂದ್ನಲ್ಲೋ ಸಿವರಾಮ.’ ಆಗ ಅವಳ ದನಿ ಒಡೆಯಿತು. ‘ನನ್ ಮಗಳ್ ಸತ್ತಿದ್ಕೆ ನಾನೇ ಸೀ ಅಂಚಿ ನಾನೇ ತಿಂದ್ನಲ್ಲೋ.’ ಸೆರಗನ್ನು ಬಾಯಿಗೆ ತುರುಕಿ ನಾಲಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ರಕ್ತ ಬರುವ ಹಾಗೆ. ಅವನು ಕೈ ಹಿಡಿಯಲು ಹೋದ. ಕೊಡವಿ ಅವನ ಎದೆಗೆ ಗುದ್ದಿದಳು. ಡಬ್ಬಿ ಉರುಳಿ ಲಾಡುಗಳು ಮೆಟ್ಟಿಲ ಕೆಳಗೆ ಧೂಳಿಗೆ ಬಿದ್ದವು. ಮಾತ್ರೆಯ ಪೊಟ್ಟಣ ಅವಳ ಸೊಂಟದಲ್ಲೇ ಇತ್ತು. ಅದರ ಮೇಲೇ ಕೈ ಇಟ್ಟುಕೊಂಡು ಅವಳು ಬಗ್ಗಿ ಕೂತಳು. ಬೆನ್ನು ಏರುತ್ತ ಇಳಿಯುತ್ತ ಇತ್ತು. ಎದೆ ನಿಂತುಬಿಟ್ಟರೆ? ನೀನೇ ಹೊಣೆ. ಹುಚ್ಚೀರಯ್ಯನ ಮಾತು ಕಿವಿಯಲ್ಲಿತ್ತು. ಅವನು ಅವಳ ಬೆನ್ನನ್ನೇ ನೋಡುತ್ತ ಪ್ರತಿ ಉಸಿರನ್ನೂ ಕಾದ.

ಬಹಳ ಹೊತ್ತಿನ ಮೇಲೆ ತಲೆಯೆತ್ತಿದಳು. ‘ದೀಪ ಯಾಕ್ ಆಕ್ನಿಲ್ಲ?’

ಅವನಿಗೆ ಅಭಿರುಚಿ ಎಂಬ ಪದ ಮನಸ್ಸಿನಲ್ಲಿ ಬಂದು ಅಸಹ್ಯವಾಯಿತು.

‘ನಂಗೆ ಅಕ್ಸರ ಬರಲ್ಲ ಅಂತ ನಿಂಗ್ ಗೊತ್ತಿಲ್ವಾ? ದೀಪ ಇದ್ದಿದ್ರೆ ನಾನು ಓದ್ಕತಿದ್ದೆ.’

‘ತಪ್ಪಾಯ್ತು ಚಿಕ್ಕವ್ವ.’

ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ‘ಯಾರು ಕೊಂದವ್ರು?’ ‘ಬಂದೂಕ್ ತಗೊಂಡ್ ಬಂದವ್ರು.’ ‘ಅವ್ಳೇನ್ ಮಾಡಿದ್ಲು ಅವ್ರುಗೆ?’ ‘ಏನೂ ಮಾಡಿರಲಿಲ್ಲ. ಮಕ್ಳಿಗೆ ಸೂಜಿ ಹಾಕ್ತಿದ್ಲು. ಅವಳ ಜೊತೆ ಬೇರೆ ದೇಶದ ಡಾಕ್ಟ್ರು ಒಬ್ರು, ಇನ್ನಿಬ್ರು ನರ್ಸ್‌ಗಳು ಇದ್ರು.’ ‘ಮಕ್ಳು? ಮಕ್ಳೇನಾದೋ?’ ‘ಅವ್ರನ್ನೂ ಕೊಂದ್ರು ಚಿಕ್ಕವ್ವ. ಅವರವ್ವಂದಿರನ್ನೂ.’ ಅವಳು ಎರಡೂ ಕೈ ನೆಲಕ್ಕೆ ಊರಿದಳು. ಮೈಕಿನಲ್ಲಿ ಹೇಮಂತ ಶಿವರಾಮುವಿನ ಹೆಸರು ಕೂಗುತ್ತಿದ್ದ, ಎಲ್ಲಿದ್ದರೂ ವೇದಿಕೆಗೆ ಬರಬೇಕೆಂದು. ‘ನಿಜುವಾಗ್ಲೂ ಏನ್ ಬರ್ದಿದೀಯ ಓದು’ ಎಂದಳು. ಅವನು ಕಾಗದ ತೆಗೆದು ಇದ್ದದ್ದನ್ನು ಇದ್ದ ಹಾಗೆ ಓದಿದ. ಹೇಯ ಬಂತು, ಅಮಾಯಕ ಬಂತು, ಉಗ್ರ ಎರಡು ಸಲವೂ ಬಂತು. ಕೊನೆಗೆ ಖಂಡಿಸುತ್ತೇವೆ.

‘ಖಂಡ್ಸದು ಅಂದ್ರೇನು? ಅವ್ರುನ್ನ ಇಡ್ಕಂಡ್ ಬತ್ತಾರಾ?’

‘ಇಲ್ಲ. ಅವ್ರು ಮಾಡಿದ್ದು ತಪ್ಪು ಅಂತ ಹೇಳೋದು.’

‘ಅಷ್ಟೇಯಾ?’

‘ಅಷ್ಟೇ ಚಿಕ್ಕವ್ವ.’

ಚಿಕ್ಕನಂಜಮ್ಮ ಮುಡಿಯಿಂದ ಕನಕಾಂಬರವನ್ನು ಬಿಡಿಸಿ ಮೆಟ್ಟಿಲ ಮೇಲೆ ಇಟ್ಟಳು. ಅಂಗಡಿಯ ಕಂಬ ಹಿಡಿದು ಎದ್ದಳು. ‘ಅದ್ನಾರ ಯೋಳು ಓಗು’ ಎಂದಳು. ‘ನಾಕ್ ದಿನುದಿಂದ ಒಬ್ನೂ ಏನೂ ಯೋಳ್ನಿಲ್ಲ.’

ಅವಳು ಮುಂದೆ, ಅವನು ಹಿಂದೆ ಶಾಮಿಯಾನಕ್ಕೆ ಬಂದರು. ಕುರ್ಚಿಗಳಲ್ಲಿದ್ದವರು ಅವಳನ್ನು ನೋಡಿ ಎದ್ದು ನಿಂತರು. ಎದ್ದು ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದರು. ಹಾರ ಹಾಕಿದ ಪಟದ ಮುಂದೆ ದೀಪ ಉರಿಯುತ್ತಿತ್ತು. ಅವಳು ಹತ್ತಿರ ಹೋಗಿ ದೀಪವನ್ನು ನೋಡಿದಳು, ಆಮೇಲೆ ಮಗಳನ್ನು. ಮೊದಲ ಸಾಲಿನ ಕುರ್ಚಿಯಲ್ಲಿ ಕೂತಳು. ಹೇಮಂತ ಬಿಳಚಿಕೊಂಡು ಶಿವರಾಮುವಿನ ಕೈಗೆ ಮೈಕು ಕೊಟ್ಟ. ಕಾಗದ ಜೇಬಿನಲ್ಲಿತ್ತು. ತೆಗೆಯಬೇಕೆಂದು ಕೈ ಹೋಯಿತು, ತೆಗೆಯಲಿಲ್ಲ. ಧೈರ್ಯದಿಂದಲ್ಲ, ಆ ಸಾಲುಗಳನ್ನು ಅವಳ ಮುಂದೆ ಇನ್ನೊಂದು ಸಲ ಓದಲು ಆಗುವುದಿಲ್ಲ ಎಂಬ ಹೆದರಿಕೆಯಿಂದ. ಬೂಂದಿಯ ಕಾಳು ಹಲ್ಲಿನ ಸಂದಿಯಲ್ಲಿ ಇನ್ನೂ ಹಾಗೇ ಇತ್ತು.

‘ಚಿಕ್ಕನಂಜಮ್ಮನ ಮಗಳು ಪುಷ್ಪಾನ ಕೊಂದರು’ ಎಂದ. ‘ಜೊತೆಗಿದ್ದವರನ್ನ ಕೊಂದರು. ಸೂಜಿ ಹಾಕಿಸಿಕೊಳ್ಳೋಕೆ ಕೂತಿದ್ದ ಮಕ್ಕಳನ್ನ, ಅವರ ತಾಯಂದಿರನ್ನ ಕೊಂದರು. ಗೋಡೆ ಮೇಲೆ ಗುರುತು ಇತ್ತು. ನೋಡಿ ಕೊಂದರು. ಅದು ತಪ್ಪು. ಯಾವ ಕಾರಣ ಹೇಳಿದ್ರೂ ತಪ್ಪು.’ ದನಿ ಕೊನೆಯ ಮಾತಿಗೆ ಬರುವಷ್ಟರಲ್ಲಿ ಪೂರಾ ಇಳಿದುಹೋಗಿತ್ತು. ಮೈಕಿನವನು ತಂತಿ ಕಳಚಿತೇನೋ ಎಂದು ಬಗ್ಗಿ ನೋಡಿದ.

ಮೊದಲ ಸಾಲಿನಿಂದ ಚಿಕ್ಕನಂಜಮ್ಮ ಹೇಳಿದಳು, ‘ಕೇಳುಸ್ನಿಲ್ಲ.’

ಶಿವರಾಮು ಮೈಕನ್ನು ಬಾಯಿಗೆ ಹತ್ತಿರ ಹಿಡಿದುಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದ.